ಚಿಕ್ಕಮ್ಮನ ಬಂಡಿದಾರಿಯೂ ಐದು ಕಚೇರಿಗಳೂ

ನಮ್ಮ ಕಡೆ ಮೇಜಿನ ಹಿಂದೆ ಒಬ್ಬರು ಕೂತು, ಮುಂದೆ ನಾಲ್ಕು ಜನ ಕೈಕಟ್ಟಿ ನಿಂತಿದ್ದರೆ ಸಾಕು, ಅದು ಕೋರ್ಟು. ತಹಸೀಲ್ದಾರ್ ಕೋರ್ಟು, ಎ.ಸಿ. ಕೋರ್ಟು, ಡಿ.ಸಿ. ಕೋರ್ಟು, ಜಡ್ಜಿ ಕೋರ್ಟು. ಯಾವುದರ ಮೇಲೆ ಯಾವುದು, ಯಾವುದಕ್ಕೆ ಯಾವುದರ ಸಂಬಂಧವೇ ಇಲ್ಲ ಎಂದು ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಗೊತ್ತಿಲ್ಲ ಎಂಬ ನಾಚಿಕೆಯೂ ಇಲ್ಲ. ಕೆಜಿಎಫ್‌ನಲ್ಲಿ ಕಾನೂನಿನ ಕೊನೆಯ ವರ್ಷ ಓದುತ್ತಿದ್ದ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಬಂಗಾರಪೇಟೆಯ ನಮ್ಮ ಮನೆಯ ಶೋಕೇಸಿನಲ್ಲಿ ನನ್ನ ಚರ್ಚಾಸ್ಪರ್ಧೆಯ ಟ್ರೋಫಿಗಳು ಇಡಲು ಜಾಗವಿಲ್ಲದೆ ಒಂದರ ಮೇಲೊಂದು ಕೂತಿದ್ದವು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿ ಎತ್ತಿ ಐದು ನಿಮಿಷ ಕೊಟ್ಟರೆ ನಾನು ಯಾವ ಪಕ್ಷವನ್ನಾದರೂ ಗೆಲ್ಲಿಸುತ್ತಿದ್ದೆ. ಹಾಗಂತ ನಂಬಿದ್ದೆ. ಹೀಗೆ ನಂಬಿದವಳ ಕೈಗೆ ಚಿಕ್ಕಮ್ಮನ ಬಂಡಿದಾರಿ ಸಿಕ್ಕಿತು.

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಬೂದಿಕೋಟೆ ರಸ್ತೆಯಿಂದ ಒಳಕ್ಕೆ ಎರಡು ಮೈಲಿ ದೂರದ ಊರು. ಮನೆ ಊರೊಳಗೆ, ಕೊಟ್ಟಿಗೆ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಅಲ್ಲೇ ಹಾಲು ಕರೆದು, ಕ್ಯಾನು ತಲೆಯ ಮೇಲಿಟ್ಟು, ಬಂಡಿದಾರಿ ಹಿಡಿದರೆ ಹತ್ತು ನಿಮಿಷಕ್ಕೆ ಊರಿನ ಹಾಲಿನ ಡೇರಿ. ಆ ದಾರಿ ಹಾದುಹೋಗುವುದು ಪಕ್ಕದ ಹೊಲದ ಅಂಚಿನಲ್ಲಿ. ಪಕ್ಕದ ಹೊಲದವರು ಬೇರೆ ಯಾರೂ ಅಲ್ಲ, ಚಿಕ್ಕಪ್ಪನ ದಾಯಾದಿ ಅಣ್ಣ. ಚಿಕ್ಕಮ್ಮನಿಗೆ ಭಾವ, ನನಗೆ ದೊಡ್ಡಪ್ಪ. ಹಿಂದಿನ ವರ್ಷ ಚಿಕ್ಕಮ್ಮನ ದೊಡ್ಡ ಹಸು ದಾರಿಯಲ್ಲಿ ಹೋಗುತ್ತಾ ಹೋಗುತ್ತಾ ಅವರ ರಾಗಿ ತೆನೆಗೆ ಬಾಯಿ ಹಾಕಿತೆಂದು ಮಾತಿಗೆ ಮಾತು ಬೆಳೆದಿತ್ತು. ಈ ಸಲ ಬಿತ್ತನೆ ಮುಗಿದ ಮರುದಿನ ದೊಡ್ಡಪ್ಪ ದಾರಿಯ ಎರಡೂ ತುದಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದುಬಿಟ್ಟರು.

ಆಮೇಲೆ ಚಿಕ್ಕಮ್ಮ ಕೆರೆಕಟ್ಟೆ ಸುತ್ತಿಕೊಂಡು ಹೋಗಬೇಕಾಯಿತು. ಡೇರಿಯಲ್ಲಿ ಏಳೂವರೆಗೆ ಹಾಲು ಹಾಕಿಸಿಕೊಳ್ಳುವುದು ನಿಲ್ಲುತ್ತದೆ. ಕಾರ್ಯದರ್ಶಿ ಗಡಿಯಾರ ನೋಡಿ ಬಾಗಿಲು ಎಳೆಯುವ ಮನುಷ್ಯ. ವಾರಕ್ಕೆ ಎರಡು ಸಲ ಹಾಲು ವಾಪಸ್ಸು ಬರತೊಡಗಿತು. ಮನೆ ತುಂಬ ಮೊಸರು, ಬೀದಿಗೆಲ್ಲ ಮಜ್ಜಿಗೆ. ರಾಗಿ ಕೊಯ್ಲಿನೊಳಗೆ ದಾರಿ ಬಿಡದಿದ್ದರೆ ದೊಡ್ಡ ಹಸುವನ್ನು ಮಾರಿಬಿಡುತ್ತೇನೆ ಎಂದು ಚಿಕ್ಕಮ್ಮ ಹೇಳಿದಾಗ ಯಾರೂ ನಂಬಲಿಲ್ಲ. ಬೇತಮಂಗಲದ ದಲ್ಲಾಳಿಯೊಬ್ಬ ಬೈಕಿನಲ್ಲಿ ಬಂದು ಹಸುವಿನ ಹಲ್ಲು ನೋಡಿಕೊಂಡು ಹೋದ ಮೇಲೆ ನಂಬಿದೆವು. ಆ ಹಸು ಕರುವಾಗಿದ್ದಾಗ ತಾಯಿ ಸತ್ತು, ಚಿಕ್ಕಮ್ಮನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

ನಾನು ಭಾನುವಾರ ಹೋಗಿ, ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು, ಹಿಂಬದಿಯಲ್ಲಿ ಎರಡು ಏಣಿ ಬರೆದೆ. ಒಂದು ಏಣಿ ಸಿವಿಲ್ ಕೋರ್ಟಿನದು: ಕೆಳಗೆ ಬಂಗಾರಪೇಟೆಯ ಸಿವಿಲ್ ನ್ಯಾಯಾಧೀಶರು, ಅವರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಲಯ, ಬೆಂಗಳೂರಿನ ಹೈಕೋರ್ಟು, ದೆಹಲಿಯ ಸುಪ್ರೀಂ ಕೋರ್ಟು. ಇನ್ನೊಂದು ಕಂದಾಯ ಇಲಾಖೆಯದು: ಕೆಳಗೆ ತಹಸೀಲ್ದಾರ್, ಮೇಲೆ ಕೋಲಾರದ ಎ.ಸಿ., ಅವರ ಮೇಲೆ ಡಿ.ಸಿ., ಅದಕ್ಕೂ ಮೇಲೆ ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿ. ಕೊನೆಗೆ ಇದೂ ಹೋಗಿ ಹೈಕೋರ್ಟಿಗೇ ಒರಗುತ್ತದೆ. ಗ್ರಾಮ ನಕಾಶೆಯಲ್ಲಿ ಗುರುತಿರುವ ದಾರಿ ಮುಚ್ಚಿದರೆ ತಹಸೀಲ್ದಾರರ ಏಣಿ. ನಕಾಶೆಯಲ್ಲಿಲ್ಲದ, ಬರೀ ರೂಢಿಯ ದಾರಿಯಾದರೆ ಸಿವಿಲ್ ಕೋರ್ಟಿನ ಏಣಿ. ನಮ್ಮ ದಾರಿ ನಕಾಶೆಯಲ್ಲಿ ಎರಡು ಚುಕ್ಕಿಗೆರೆಯಾಗಿ ಇತ್ತು. ಆದರೆ ಆ ಚುಕ್ಕಿಗೆರೆ ನೆಲದ ಮೇಲೆ ಹಳ್ಳದ ಆಚೆ ಬರುತ್ತದೆ, ಈಚೆಗಲ್ಲ ಎಂದು ದೊಡ್ಡಪ್ಪನ ವಾದ. ಹಳ್ಳದ ಆಚೆ ಇರುವುದು ಬಂಡೆ. ಬಂಡೆಯ ಮೇಲೆ ಬಂಡಿ ಹೇಗೆ ಹೋಗುತ್ತಿತ್ತು ಎಂದು ಕೇಳಿದರೆ, ಆಗಿನ ಎತ್ತುಗಳೇ ಬೇರೆ ಎನ್ನುತ್ತಿದ್ದರು.

ಚಿಕ್ಕಮ್ಮ ಎರಡು ಏಣಿಗಳನ್ನೂ ಕಣ್ಣು ಕಿರಿದು ಮಾಡಿ ನೋಡಿದಳು.

"ಇಷ್ಟು ಜನದಾಗೆ ನಮ್ಮೂರಿಗೆ ಬಂದು ದಾರಿ ನೋಡೋರು ಯಾರೇ?"

ತಹಸೀಲ್ದಾರರು ಬರಬಹುದು ಎಂದೆ. ಮೇಲಿನವರು ಬರುವುದು ಅಪರೂಪ. ಕೆಳಗಿನವರು ಬರೆದಿದ್ದನ್ನು ಓದಿ, ಅದು ಸರಿಯೋ ತಪ್ಪೋ ಎಂದು ನೋಡುತ್ತಾರೆ.

"ನೋಡ್ದೆ ಇರೋರು ನೋಡಿರೋರ್ಗಿಂತ ದೊಡ್ಡೋರಾ?"

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು. ಕಣ್ಣಾರೆ ನೋಡಿದವನು ಅವಸರದಲ್ಲಿ ತಪ್ಪಬಹುದು, ಮುಲಾಜಿಗೆ ಬೀಳಬಹುದು, ದೂರದವನಿಗೆ ಆ ಮುಲಾಜಿಲ್ಲ, ಇತ್ಯಾದಿ. ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅವಳು ಕೇಳಿಸಿಕೊಂಡು, ಹಾಗಾದರೆ ಎಲ್ಲರಿಗೂ ಒಂದೊಂದು ಅರ್ಜಿ ಕೊಟ್ಟುಬಿಡು ಎಂದಳು. ಒಂದು ದೇವರಿಗೆ ಹರಕೆ ಹೊತ್ತು ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಮಗನಿಗೆ ಜ್ವರ ಬಂದರೆ ಮಾರಮ್ಮನಿಗೊಂದು, ದರ್ಗಾಕ್ಕೊಂದು, ಕೆಜಿಎಫ್‌ನ ಚರ್ಚಿಗೊಂದು ಮೇಣದಬತ್ತಿ.

ತಿಳಿದ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸಿದ್ದೇ ಅದು: ಎದುರಾಳಿಯನ್ನು ಎಲ್ಲ ದಿಕ್ಕಿನಿಂದಲೂ ಏಕಕಾಲಕ್ಕೆ ಹಿಡಿ. ಜೊತೆಗೆ ತಾಲ್ಲೂಕು ಮಟ್ಟದಲ್ಲಿ ಏನೂ ಆಗುವುದಿಲ್ಲ, ಮೇಲಿಂದ ಒತ್ತಿದರೇ ಕೆಳಗೆ ಅಲುಗುವುದು ಎಂಬ ನನ್ನದೇ ಒಂದು ಸಿದ್ಧಾಂತವೂ ಇತ್ತು. ಒಂದೇ ಅರ್ಜಿಯನ್ನು ಐದು ಪ್ರತಿ ಮಾಡಿಸಿದೆವು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿ ಬೂದಿಕೋಟೆ ನಾಡಕಚೇರಿ, ಬಂಗಾರಪೇಟೆ ತಾಲ್ಲೂಕು ಕಚೇರಿ, ಕೋಲಾರದಲ್ಲಿ ಎ.ಸಿ., ಡಿ.ಸಿ., ಎಲ್ಲವನ್ನೂ ಎರಡು ದಿನದಲ್ಲಿ ಮುಗಿಸಿದೆವು. ಬೆಂಗಳೂರಿನ ನ್ಯಾಯಮಂಡಳಿಗೆ ರಿಜಿಸ್ಟರ್ ಪೋಸ್ಟು. ಕೋಲಾರದಿಂದ ವಾಪಸ್ಸು ಬರುವಾಗ ಚಿಕ್ಕಮ್ಮ ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಾ, ಭಾವನಿಗೆ ಈಗ ಗೊತ್ತಾಗುತ್ತದೆ ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲ ನಾನು ಹೇಳಿದೆ.

ಮೊದಲು ಬಂದದ್ದು ಬೆಂಗಳೂರಿನ ಪತ್ರ. ಮೇಲ್ಮನವಿ ಎಂದರೆ ಕೆಳಗಿನ ಆದೇಶದ ವಿರುದ್ಧ. ನಿಮ್ಮ ಬಳಿ ಯಾವ ಆದೇಶವೂ ಇಲ್ಲದಿರುವುದರಿಂದ ಅರ್ಜಿಯನ್ನು ಹಿಂತಿರುಗಿಸಿದೆ ಎಂದು ಎರಡೇ ಸಾಲು. ಇದು ನನ್ನ ಪಠ್ಯಪುಸ್ತಕದಲ್ಲೂ ಇತ್ತು, ನಾನೇ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದೆ. ಆಮೇಲೆ ಹದಿನೈದು ದಿನ ಏನೂ ಇಲ್ಲ. ಹದಿನಾರನೆಯ ದಿನ ಆ ಊರಿನ ಗ್ರಾಮ ಆಡಳಿತಾಧಿಕಾರಿಯಿಂದ ಫೋನು. ನಾನು ಹೋದಾಗ ಅವರು ನಾಡಕಚೇರಿಯ ಮೇಜಿನ ಮೇಲೆ ನಾಲ್ಕು ಕಾಗದಗಳನ್ನು ಇಸ್ಪೀಟಿನ ಎಲೆಯ ಹಾಗೆ ಹರಡಿಕೊಂಡು ಕೂತಿದ್ದರು. ನಾಲ್ಕೂ ನನ್ನ ಅರ್ಜಿಯೇ. ಡಿ.ಸಿ. ಕಚೇರಿಯದು ಎ.ಸಿ.ಗೆ, ಎ.ಸಿ.ಯದು ತಹಸೀಲ್ದಾರರಿಗೆ, ತಹಸೀಲ್ದಾರರದು ನಾಡಕಚೇರಿಗೆ, 'ನಿಯಮಾನುಸಾರ ಕ್ರಮಕ್ಕಾಗಿ' ಎಂಬ ಒಂದೇ ಷರಾದೊಂದಿಗೆ ಇಳಿದು ಬಂದಿದ್ದವು. ನಾಲ್ಕಕ್ಕೂ ಬೇರೆ ಬೇರೆ ನಂಬರು.

"ಮೇಡಂ, ನೀವು ಆಕಾಶದಿಂದ ಎಸೆದ್ರೂ ಅದು ಬಂದು ಬೀಳೋದು ನನ್ನ ಮೇಜಿನ ಮೇಲೇನೇ," ಎಂದರು ಅವರು. ಸಿಟ್ಟಿರಲಿಲ್ಲ, ಆಯಾಸವಿತ್ತು. "ಒಂದು ಕೊಟ್ಟಿದ್ರೆ ಇಷ್ಟೊತ್ತಿಗೆ ಒಂದು ವರದಿ ಓಗಿರೋದು. ಈಗ ನಾಲ್ಕು ನಂಬರಿಗೆ ನಾಲ್ಕು ಉತ್ತರ ಬರೀಬೇಕು."

ಮೂರನ್ನು ಹಿಂಪಡೆಯುತ್ತೇವೆ ಎಂದು ಬರೆದುಕೊಟ್ಟರೆ ಒಂದನ್ನು ಹಿಡಿದು ತಹಸೀಲ್ದಾರರಿಗೆ ಸ್ಥಳ ಪರಿಶೀಲನೆಗೆ ಹಾಕುತ್ತೇನೆ ಎಂದರು. ಚಿಕ್ಕಮ್ಮನಿಂದ ಮೂರು ಪತ್ರಕ್ಕೆ ಸಹಿ ಮಾಡಿಸಲು, ಅವನ್ನು ಮತ್ತೆ ಅದೇ ಅದೇ ಕಚೇರಿಗೆ ಕೊಟ್ಟುಬರಲು ಇನ್ನೊಂದು ವಾರ ಹೋಯಿತು. ಹೊಲದಲ್ಲಿ ರಾಗಿ ತೆನೆ ಬಿಡುತ್ತಿತ್ತು. ದಲ್ಲಾಳಿ ಎರಡನೆಯ ಸಲ ಬಂದು ಹೋದ. ನನ್ನ ಸಿದ್ಧಾಂತದ ಬೆಲೆಯನ್ನು ಹಸು ತೆರುವಂತಾಗಿತ್ತು. ಆ ದಿನಗಳಲ್ಲಿ ನಾನು ಚಿಕ್ಕಮ್ಮನ ಕಣ್ಣು ತಪ್ಪಿಸುತ್ತಿದ್ದೆ. ಅವಳು ಒಂದು ಸಲವೂ ಬಯ್ಯಲಿಲ್ಲ. ಬೈದಿದ್ದರೆ ಎದುರು ವಾದಿಸಬಹುದಿತ್ತು.

ಕಾಲೇಜು ಮುಗಿಸಿ ನಾನು ಸಂಜೆ ಹೊತ್ತು ಕೆಜಿಎಫ್‌ನ ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋಗುತ್ತಿದ್ದೆ. ಅವರಪ್ಪ ಗಣಿ ಕಾರ್ಮಿಕರು. ಇವರು ಈಗಲೂ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಂಪನಿ ಕಾರ್ಮಿಕರಿಗೆ ಕಟ್ಟಿಸಿದ್ದ ಲೈನು ಮನೆಯಲ್ಲೇ ಇದ್ದರು, ಮುಂದೊಂದು ತಗಡಿನ ವರಾಂಡ ಹಾಕಿಸಿಕೊಂಡು. ಕಕ್ಷಿಗಾರರೊಂದಿಗೆ ತಮಿಳು, ನನ್ನೊಂದಿಗೆ ಕನ್ನಡ. ನಾಲ್ಕು ಅರ್ಜಿಯ ಕಥೆ ಹೇಳಿದಾಗ ಅವರು ನಕ್ಕು ಕನ್ನಡಕ ಒರೆಸಿಕೊಂಡರು. ಚಿನ್ನದ ಗಣಿಯ ಗಿರಣಿ ಎಷ್ಟೇ ದೊಡ್ಡದಿರಲಿ, ಕೆಳಗೆ ಸುರಂಗದಿಂದ ಡಬ್ಬಿಯಲ್ಲಿ ಬಂದ ಕಲ್ಲನ್ನಷ್ಟೇ ಅರೆಯುವುದು ಎಂದು ಅವರಪ್ಪ ಹೇಳುತ್ತಿದ್ದರಂತೆ.

"ನೋಡಮ್ಮಾ, ತಲೆ ಇರೋ ಕೋರ್ಟು ಮೇಲೆ ಬೇಕಾದಷ್ಟಿದೆ. ಕಾಲಿರೋದು ಕೆಳಗಿಂದು ಒಂದೇ. ಅದು ನಡೆದು ಬಂದಾಗ ಏನು ತೋರಿಸ್ತೀಯ, ಅದನ್ನ ಯೋಚನೆ ಮಾಡು."

ಚಿಕ್ಕಮ್ಮ ಕ್ಯಾಲೆಂಡರಿನ ಹಿಂಬದಿ ನೋಡಿ ಕೇಳಿದ್ದೂ ಇದನ್ನೇ. ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆದರೂ ಯೋಚನೆ ಮಾಡಿದೆ, ಮಾಡಿ ಒಂದು ಅದ್ಭುತ ಸಾಕ್ಷಿಯನ್ನು ಕಂಡುಹಿಡಿದೆ: ಹಸು. ಏಳು ವರ್ಷ ದಿನವೂ ಆ ದಾರಿಯಲ್ಲಿ ಚಿಕ್ಕಮ್ಮನ ಜೊತೆ ಡೇರಿಯವರೆಗೆ ಹೋಗಿ ಬಂದ ಹಸು. ತಹಸೀಲ್ದಾರರ ಎದುರು ಹಗ್ಗ ಬಿಚ್ಚಿದರೆ ಅದು ನೇರ ತಂತಿಯ ಬಳಿ ಹೋಗಿ ನಿಲ್ಲುತ್ತದೆ. ಅದು ಯಾರ ಪಕ್ಷವೂ ಅಲ್ಲ, ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಇದಕ್ಕಿಂತ ನಿಷ್ಪಕ್ಷಪಾತಿ ಸಾಕ್ಷಿ ಎಲ್ಲಿ ಸಿಗಬೇಕು? ಚಿಕ್ಕಮ್ಮನಿಗೆ ಹೇಳಿದಾಗ ಅವಳು ಯಾಕೋ ಉತ್ಸಾಹ ತೋರಲಿಲ್ಲ. ಹಸು ಯಾಕೆ ಬೇಕು, ಬಾಯಲ್ಲಿ ಹೇಳಿದರೆ ಸಾಲದೇ ಎಂದಳು. ಅವಳಿಗೆ ಸಾಕ್ಷ್ಯದ ಮಹತ್ವ ತಿಳಿಯದು ಎಂದುಕೊಂಡೆ.

ತಹಸೀಲ್ದಾರರು ಒಂದು ಬುಧವಾರ ಬೆಳಿಗ್ಗೆ ಜೀಪಿನಲ್ಲಿ ಬಂದರು. ಕಲಬುರಗಿ ಕಡೆಯ ಹೆಣ್ಣುಮಗಳು, ಮೂವತ್ತೈದರ ಆಸುಪಾಸು, ಬಂದು ಮೂರು ತಿಂಗಳಾಗಿತ್ತಂತೆ. ಗ್ರಾಮ ಆಡಳಿತಾಧಿಕಾರಿ ನಕಾಶೆ ಬಿಚ್ಚಿ ಹಿಡಿದರು. ದೊಡ್ಡಪ್ಪ ಬಿಳಿ ಶರಟು ಹಾಕಿ, ಹಣೆಗೆ ವಿಭೂತಿ ಇಟ್ಟು, ಕೈಕಟ್ಟಿ ನಿಂತಿದ್ದರು. ಇಲ್ಲಿ ಎಂದೂ ದಾರಿಯೇ ಇರಲಿಲ್ಲ, ಎಲ್ಲ ಹಳ್ಳದ ಆಚೆಗೆ ಎಂದು ಮೃದುವಾದ ಕನ್ನಡದಲ್ಲಿ, ಒಂದು ಅಕ್ಷರ ಹೆಚ್ಚಿಲ್ಲದೆ ಹೇಳಿದರು. ನಮ್ಮ ಕಡೆ ಜಗಳ ಆಡುವುದು ತೆಲುಗಿನಲ್ಲಿ, ಅರ್ಜಿ ಬರೆಯುವುದು ಕನ್ನಡದಲ್ಲಿ. ಕನ್ನಡ ಬಾಯಿಗೆ ಬಂತೆಂದರೆ ಮನುಷ್ಯ ಎಚ್ಚರವಾಗಿದ್ದಾನೆ ಎಂದರ್ಥ. ಚಿಕ್ಕಮ್ಮನೂ ಕನ್ನಡದಲ್ಲೇ, ತಾನು ಮದುವೆಯಾಗಿ ಬಂದಾಗಿಂದ ಇದೇ ದಾರಿ ಎಂದಳು. ಒಂದು ಬಾಯಿಯ ಎದುರು ಇನ್ನೊಂದು ಬಾಯಿ. ಬೇಕಾದರೆ ಸರ್ವೆಯವರನ್ನು ಕರೆಸಿ ಅಳೆಸೋಣ, ಆದರೆ ಅವರ ಸರದಿ ಬರಲು ತಿಂಗಳುಗಳಾಗುತ್ತವೆ ಎಂದರು ತಹಸೀಲ್ದಾರರು.

ತಿಂಗಳುಗಳು ಎಂದರೆ ಹಸು ಬೇತಮಂಗಲ ದಾಟಿ ಎಲ್ಲೋ ಹೋಗಿರುತ್ತದೆ. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಎರಡು ನಿಮಿಷದ ಪೀಠಿಕೆ ಹಾಕಿ, ಹೋಗಿ ಹಗ್ಗ ಬಿಚ್ಚಿದೆ.

ಹಸು ಕೊಟ್ಟಿಗೆಯಿಂದ ಹೊರಬಂದು ತಲೆ ಕೊಡವಿತು. ಎಲ್ಲರೂ ನೋಡುತ್ತಿದ್ದೆವು. ಅದು ತಂತಿಯ ಕಡೆ ತಿರುಗಿಯೂ ನೋಡಲಿಲ್ಲ. ಎಡಕ್ಕೆ ಹೊರಳಿ, ಹೊಲದ ಬೇಲಿಯಲ್ಲಿದ್ದ ಒಂದು ಸಂದಿಯನ್ನು ಹುಡುಕುವ ಪ್ರಯಾಸವೂ ಇಲ್ಲದೆ ಹೊಕ್ಕು, ದೊಡ್ಡಪ್ಪನ ರಾಗಿ ಹೊಲದ ನಡುವೆ ಸಾಗಿತು. ನಡುವೆ ಒಂದು ಕಾಲುದಾರಿಯೇ ಸವೆದಿತ್ತು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. ತಡವಾದ ದಿನಗಳಲ್ಲಿ ಕೆರೆಕಟ್ಟೆ ಸುತ್ತದೆ, ಯಾರೂ ಕಾಣದಂತೆ ಆ ಸಂದಿಯಲ್ಲಿ ನುಸುಳಿ, ಹಸುವನ್ನೂ ಜೊತೆಗೆ ಹೊಡೆದುಕೊಂಡು ಹೋಗುತ್ತಿದ್ದಳು ಮಹಾತಾಯಿ. ನಾಲ್ಕು ತಿಂಗಳಲ್ಲಿ ಹಸು ಹಳೆಯ ದಾರಿ ಮರೆತು ಹೊಸದನ್ನು ಕಲಿತಿತ್ತು. ಕಲಿತದ್ದನ್ನು ಸರ್ಕಾರದ ಎದುರು ನಿಷ್ಪಕ್ಷಪಾತವಾಗಿ ತೋರಿಸಿತು. ಅರ್ಧ ದಾರಿಯಲ್ಲಿ ನಿಂತು ತೆನೆ ಕಿತ್ತು ಅಗಿಯತೊಡಗಿತು.

ದೊಡ್ಡಪ್ಪ ಕಟ್ಟಿದ ಕೈ ಬಿಟ್ಟರು. ಕನ್ನಡವನ್ನೂ ಬಿಟ್ಟರು. ಟವೆಲ್ಲು ಬೀಸುತ್ತಾ ಹೊಲದೊಳಗೆ ಓಡಿ, ಹಸುವಿಗೂ ಚಿಕ್ಕಮ್ಮನಿಗೂ ಅವಳ ತವರಿಗೂ ಸೇರಿಸಿ ತೆಲುಗಿನಲ್ಲಿ ಉದ್ದಕ್ಕೆ ಬೈದರು. ಚಿಕ್ಕಮ್ಮ ಅದೇ ಭಾಷೆಯಲ್ಲಿ ಚಿಕ್ಕದಾಗಿ ಉತ್ತರ ಕೊಟ್ಟಳು. ಗ್ರಾಮ ಆಡಳಿತಾಧಿಕಾರಿ ನಕಾಶೆಯ ಹಿಂದೆ ಮುಖ ಮರೆಸಿಕೊಂಡರು. ತಹಸೀಲ್ದಾರರಿಗೆ ತೆಲುಗು ಬಾರದು.

"ಅವ್ರು ಏನಂತಾರ್ರೀ?" ಎಂದು ಎಲ್ಲರ ಮುಖವನ್ನೂ ನೋಡಿದರು.

ಬೈಗುಳವನ್ನು ಅನುವಾದಿಸುವ ಕೆಲಸ ಯಾರಿಗೆ ಬೇಕು? ಆಗ ದೊಡ್ಡಪ್ಪನೇ ಏದುಸಿರು ಬಿಡುತ್ತಾ ಬಂದು, ಕೆಟ್ಟ ಮಾತುಗಳನ್ನೆಲ್ಲ ಸೋಸಿ, ತಮ್ಮ ನ್ಯಾಯವನ್ನಷ್ಟೇ ಕನ್ನಡಕ್ಕೆ ತಂದರು.

"ಏನಿಲ್ಲ ಮೇಡಂ. ದಿನಾ ಓಗ್ತಿದ್ದ ಅದರ ದಾರಿ ಅಲ್ಲೈತೆ. ಅದ್ರಾಗೆ ಓಗ್ದೆ ನನ್ನ ರಾಗಿಗ್ಯಾಕೆ ಬಂತು ಅಂದೆ, ಅಷ್ಟೇ." ಹೇಳುತ್ತಾ ಅವರ ಕೈ ತಾವೇ ನೆಟ್ಟ ಕಲ್ಲುಕಂಬವನ್ನು ತೋರಿಸುತ್ತಿತ್ತು.

ನನ್ನ ಬಾಯಲ್ಲಿ ಮಾತು ಕುದಿಯುತ್ತಿತ್ತು. ಎದುರಾಳಿ ತಾನಾಗಿ ಬಿಟ್ಟುಕೊಟ್ಟ ಅಂಶವನ್ನು ಎತ್ತಿ ಹಿಡಿಯುವುದೇ ನಾನು ಎಂಟು ವರ್ಷ ಕಲಿತ ವಿದ್ಯೆ. 'ಗಮನಿಸಿ' ಎನ್ನಲು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಸೊಂಟ ಚಿವುಟಿದಳು, ಕಣ್ಣಲ್ಲಿ ನೀರು ಬರುವ ಹಾಗೆ. ಮುಚ್ಚಿದೆ. ನನ್ನ ಜೀವನದ ಅತ್ಯಂತ ಒಳ್ಳೆಯ ವಾದ ಅದೇ ಇರಬೇಕು.

"ಬರ್ಕೊಳ್ರಿ," ಎಂದರು ತಹಸೀಲ್ದಾರರು, ಗ್ರಾಮ ಆಡಳಿತಾಧಿಕಾರಿಯತ್ತ. "ಅವ್ರು ಹ್ಯಾಂಗ ಹೇಳ್ಯಾರ ಹಂಗ. ಓದಿ ಹೇಳಿ ಸಹಿ ತಗೋರಿ. ಬೇಲಿ ಸಂದಿದೂ ಬರೀರಿ, ಅದನ್ನ ಬಿಡಬ್ಯಾಡ್ರಿ."

ಓದಿ ಹೇಳಿದರು. ತಾವು ಹಾಗೆ ಹೇಳಿದ್ದು ನಿಜವಾದ್ದರಿಂದ ದೊಡ್ಡಪ್ಪ ಸಹಿ ಹಾಕಿದರು. ಹಾಕಿದ ಮೇಲೆ ಪೆನ್ನು ಹಿಂದಿರುಗಿಸದೆ ಸ್ವಲ್ಪ ಹೊತ್ತು ಕಲ್ಲುಕಂಬವನ್ನೇ ನೋಡಿದರು.

ಆದೇಶದ ಎರಡು ಪ್ರತಿ ಹತ್ತು ದಿನಕ್ಕೆ ಬಂದವು, ಒಂದು ಚಿಕ್ಕಮ್ಮನಿಗೆ, ಒಂದು ದೊಡ್ಡಪ್ಪನಿಗೆ. ಚಿಕ್ಕಮ್ಮನದನ್ನು ಓದಿ ಮುಗಿಸುವಷ್ಟರಲ್ಲಿ, ದೊಡ್ಡಪ್ಪ ಲಾಯರಮ್ಮನನ್ನು ಕರೆಯುತ್ತಿದ್ದಾರೆ ಎಂದು ದೊಡ್ಡಮ್ಮ ಬಂದು ಬಾಗಿಲಲ್ಲಿ ನಿಂತರು. ಹೋದೆ. ಕಾಫಿ ಕೊಟ್ಟರು. ಅದೇ ಕಾಗದ, ಅದೇ ಅಕ್ಷರ, ಆದರೆ ಆ ಮನೆಯಲ್ಲಿ ಓದುವಾಗ ಬೇರೆಯದೇ ಆಗಿ ಕೇಳಿಸಿತು: ದಾರಿ ತೆರವುಗೊಳಿಸತಕ್ಕದ್ದು; ಅರ್ಜಿದಾರರು ಎದುರುದಾರರ ಬೆಳೆಗೆ ಹಾನಿಯಾಗದಂತೆ ನೋಡಿಕೊಳ್ಳತಕ್ಕದ್ದು; ಬಾಧಿತರು ಎ.ಸಿ. ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಮೇಲಕ್ಕೆ ಹೋದರೆ ಗೆಲ್ಲುತ್ತೇನಾ ಎಂದು ದೊಡ್ಡಪ್ಪ ನೇರವಾಗಿ ಕೇಳಿದರು. ಚೀಟಿಯಲ್ಲಿ ಅವರ ಪಕ್ಷ ಬಂದಿದ್ದರೆ ಎತ್ತಬಹುದಾದ ಮೂರು ಅಂಶಗಳು ಆಗಲೇ ನನ್ನ ತಲೆಯಲ್ಲಿದ್ದವು. ಸರ್ವೆ ಆಗಿಲ್ಲ ಎಂಬುದು ಸಣ್ಣ ಅಂಶವೇನಲ್ಲ. ಆ ಮೂರನ್ನೂ ಹೇಳಿದೆ, ಮುಚ್ಚಿಡಲು ಮನಸ್ಸಾಗಲಿಲ್ಲ. ಆದರೆ ಎ.ಸಿ. ಇರಲಿ, ಡಿ.ಸಿ. ಇರಲಿ, ಅದಕ್ಕೂ ಮೇಲೆ ಯಾರೇ ಇರಲಿ, ಮೊದಲು ಓದುವುದು ಈ ಕಡತವನ್ನು, ಕಡತದಲ್ಲಿ ನೀವು ಸಹಿ ಹಾಕಿದ ನಿಮ್ಮ ಮಾತಿದೆ ಎಂದೆ.

"ಎಲ್ಲಾ ಕಡೆನೂ ಅದನ್ನೇ ಓದ್ತಾರಾ?"

"ಡೆಲ್ಲಿಗೆ ಹೋದ್ರೂ ಅದನ್ನೇ, ದೊಡ್ಡಪ್ಪ."

ಅವರು ದೊಡ್ಡಮ್ಮನ ಕಡೆ ನೋಡಿದರು. ದೊಡ್ಡಮ್ಮ, ಇವರ ಬಾಯಿಗೆ ಊರು ಸಾಲದೆ ದೆಹಲಿಗೂ ಹೋಗಬೇಕಾ ಎಂದು ತೆಲುಗಿನಲ್ಲಿ ಕೇಳಿದರು. ದೊಡ್ಡಪ್ಪ ತಡೆಯಲಾರದೆ ನಕ್ಕುಬಿಟ್ಟರು. ನಕ್ಕ ಮೇಲೆ ಗಟ್ಟಿಯಾಗಿ ಕೂರುವುದು ಅವರಿಗೆ ಕಷ್ಟವಾಯಿತು. ರಾಗಿ ಮನೆ ಸೇರುವವರೆಗೆ ಹಸುವಿನ ಬಾಯಿಗೆ ಹಗ್ಗದ ಬಲೆ ಕಟ್ಟಿಕೊಂಡು ಹೋಗಬೇಕು, ಬೇಲಿಯ ಸಂದಿಯನ್ನು ಚಿಕ್ಕಮ್ಮನೇ ಮುಚ್ಚಬೇಕು. ಹಾಗಾದರೆ ತಂತಿಯನ್ನು ತಾವೇ ಕಳಚುವುದಾಗಿ, ಕಂಬ ಮಾತ್ರ ಅಲ್ಲೇ ಇರುವುದಾಗಿ ಹೇಳಿಕಳಿಸಿದರು. ಚಿಕ್ಕಮ್ಮ ಬಲೆಗೆ ಒಪ್ಪಿದಳು, ಸಂದಿಗೆ ಒಪ್ಪಿದಳು. ಕಂಬದ ವಿಷಯಕ್ಕೆ ಮತ್ತೆ ಬಾಯಿ ತೆರೆಯಲಿದ್ದಳು. ಈ ಸಲ ಚಿವುಟಿದ್ದು ನಾನು.

ಶನಿವಾರ ಬೆಳಿಗ್ಗೆ ದಲ್ಲಾಳಿ ಮೂರನೆಯ ಸಲ ಬಂದ. ನಾನು ಡೇರಿಯ ಜಗಲಿಯ ಮೇಲೆ ಕೂತಿದ್ದೆ. ಏಳು ಗಂಟೆ ಐದು ನಿಮಿಷಕ್ಕೆ ಚಿಕ್ಕಮ್ಮ ಬಂಡಿದಾರಿಯ ತಿರುವಿನಲ್ಲಿ ಕಾಣಿಸಿಕೊಂಡಳು. ತಲೆಯ ಮೇಲೆ ಕ್ಯಾನು, ಹಿಂದೆ ಬಾಯಿಗೆ ಬಲೆ ಕಟ್ಟಿಸಿಕೊಂಡು ಮುನಿಸಿಕೊಂಡ ಹಸು. ಹಾಲು ಅಳತೆಗೆ ಸುರಿದು, ಚೀಟಿ ಇಸಿದುಕೊಂಡು ಸೆರಗಿಗೆ ಗಂಟು ಹಾಕಿದ ಮೇಲೆಯೇ ಅವಳು ಅವನ ಕಡೆ ತಿರುಗಿದ್ದು.

"ಬೈಕು ಯಾಕಣ್ಣಾ ಇನ್ನೂ ಆರಿಸಿಲ್ಲ? ಬಾ, ಕಾಫಿ ಕುಡ್ಕೊಂಡು ಓಗು."

ಕಾಫಿಗೆ ಕರೆದಳೆಂದರೆ ವ್ಯಾಪಾರವಿಲ್ಲವೆಂದು ಅವನಿಗೂ ಗೊತ್ತಾಯಿತು. ಹಸುವನ್ನು ಒಮ್ಮೆ ಆಸೆಯಿಂದ ನೋಡಿ, ಬೈಕು ಆರಿಸಿ ಇಳಿದ.